ರೇಡಿಯೋ ಚಿಪ್‌ಗಳ ಅಲ್ಪಶಕ್ತಿ ಅನಲಾಗ್ ಫಿಲ್ಟರ್ ಹಾಗೂ ಲೇಔಟ್ ನೋಂದಣಿ: ದಕ್ಷಿಣ ಬೆಂಗಳೂರಿನ ವಿನ್ಯಾಸಕಾರರ ಗಮನಕ್ಕೆ

ಪೀಠಿಕೆ

ನಮ್ಮ ಮೆಟ್ರೋದ ಹಳದಿ ಮಾರ್ಗವು 2025ರ ಆಗಸ್ಟ್ ತಿಂಗಳಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸಾರ್ವಜನಿಕ ಸೇವೆಗೆ ತೆರೆಯಿತು. ರಾಗಿಗುಡ್ಡ, ಜಯದೇವ ಆಸ್ಪತ್ರೆ ಹಾಗೂ ಬಿ.ಟಿ.ಎಂ. ಬಡಾವಣೆ ನಿಲ್ದಾಣಗಳಲ್ಲಿ ರೈಲಿಗಾಗಿ ಕಾಯುವ ಪ್ರಯಾಣಿಕರ ಕೈಯಲ್ಲಿರುವ ಮೊಬೈಲ್ ದೂರವಾಣಿಯೊಳಗೆ ಒಂದಕ್ಕಿಂತ ಹೆಚ್ಚು ರೇಡಿಯೋ ರಿಸೀವರ್‌ಗಳು ಇರುತ್ತವೆ. ದೂರವಾಣಿ ಜಾಲಕ್ಕೆ ಒಂದು, ವೈಫೈಗೆ ಒಂದು, ಬ್ಲೂಟೂತ್‌ಗೆ ಒಂದು, ಉಪಗ್ರಹಗಳಿಂದ ಸ್ಥಳ ತಿಳಿಯುವುದಕ್ಕೆ ಮತ್ತೊಂದು. ಇವೆಲ್ಲವೂ ಉಗುರಿನಷ್ಟು ಅಗಲದ ಚಿಪ್‌ಗಳಲ್ಲಿ ಅಡಕವಾಗಿದ್ದು, ಪ್ರತಿಯೊಂದರಲ್ಲಿಯೂ ತನಗೆ ಬೇಕಾದ ಸಂಕೇತವನ್ನು ಉಳಿಸಿಕೊಂಡು ಬೇಡವಾದುದನ್ನು ತಡೆಯುವ ಒಂದು ಮಂಡಲವಿರುತ್ತದೆ. ಅದನ್ನೇ ಅನಲಾಗ್ ಫಿಲ್ಟರ್ ಎಂದು ಕರೆಯಲಾಗುತ್ತದೆ.

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳಲ್ಲಿ ಚಿಪ್ ವಿನ್ಯಾಸವನ್ನು ವೃತ್ತಿಯಾಗಿ ಉಳ್ಳವರು ಬಹಳ ಮಂದಿ. ಅವರಲ್ಲಿ ಸ್ವಂತ ಸಂಸ್ಥೆಯನ್ನು ಆರಂಭಿಸಿ ಸರ್ಕಾರದ ನೆರವಿಗಾಗಲಿ, ತಮ್ಮ ವಿನ್ಯಾಸದ ನೋಂದಣಿಗಾಗಲಿ ಅರ್ಜಿ ಸಲ್ಲಿಸಲು ಉದ್ದೇಶಿಸಿರುವವರನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಅನಲಾಗ್ ಫಿಲ್ಟರಿನ ಮೌಲ್ಯವು ಅದರ ಲೇಔಟ್‌ನಲ್ಲಿ, ಅಂದರೆ ಸಿಲಿಕಾನ್ ಮೇಲೆ ಬಿಡಿಭಾಗಗಳನ್ನು ಜೋಡಿಸುವ ನಕ್ಷೆಯಲ್ಲಿ, ಅಡಗಿರುತ್ತದೆ. ಆ ನಕ್ಷೆಗೆ ಕಾನೂನಿನ ರಕ್ಷಣೆಯುಂಟು. ಆದರೆ ಸಕಾಲದಲ್ಲಿ ಅರ್ಜಿ ಸಲ್ಲಿಸದವರಿಗೆ ಆ ರಕ್ಷಣೆಯು ಮತ್ತೆಂದೂ ದೊರೆಯುವುದಿಲ್ಲ.

ಫಿಲ್ಟರಿನ ಕಾರ್ಯ

ನಮ್ಮ ಮನೆಗಳಲ್ಲಿ ಫಿಲ್ಟರ್ ಎಂದೊಡನೆ ನೆನಪಿಗೆ ಬರುವುದು ಕಾಫಿಯ ಡಿಕಾಕ್ಷನ್. ರೇಡಿಯೋ ಫಿಲ್ಟರಿನ ಕಾರ್ಯವೂ ಸೋಸುವುದೇ ಆದರೂ ಅದು ಬೇರ್ಪಡಿಸಬೇಕಾದ ಪ್ರಮಾಣಗಳ ಅಂತರವು ಊಹೆಗೆ ನಿಲುಕದಷ್ಟು ದೊಡ್ಡದು. ಇದನ್ನು ನಮ್ಮದೇ ದೇಶದ ಉದಾಹರಣೆಯಿಂದ ನೋಡಬಹುದು.

ಇಸ್ರೋ ಸಂಸ್ಥೆಯ ನಾವಿಕ್ ಉಪಗ್ರಹಗಳು ಸ್ಥಾನಸೂಚಕ ಸಂಕೇತಗಳನ್ನು 1176.45 ಮೆಗಾಹರ್ಟ್ಸ್ ಹಾಗೂ 2492.028 ಮೆಗಾಹರ್ಟ್ಸ್ ಆವರ್ತನಗಳಲ್ಲಿ ಪ್ರಸಾರ ಮಾಡುವಂತೆ ರೂಪಿಸಲ್ಪಟ್ಟಿವೆ. 2023ರ ಮೇ 29ರಂದು ಉಡಾವಣೆಗೊಂಡ ಎನ್‌ವಿಎಸ್-01 ಉಪಗ್ರಹದಿಂದ 1575.42 ಮೆಗಾಹರ್ಟ್ಸ್ ಆವರ್ತನವೂ ಸೇರ್ಪಡೆಯಾಯಿತು. ಇವುಗಳ ಪೈಕಿ 2492 ಮೆಗಾಹರ್ಟ್ಸ್ ಸುತ್ತಲಿನ ಪಟ್ಟಿಯು 2483.5ರಿಂದ ಆರಂಭವಾಗುತ್ತದೆ. ವೈಫೈ ಉಪಕರಣಗಳಿಗೆ 2005ರಿಂದ ಪರವಾನಗಿಯಿಲ್ಲದೆ ಬಳಸಲು ಮುಕ್ತಗೊಳಿಸಿರುವ ಪಟ್ಟಿಯು ಕೊನೆಗೊಳ್ಳುವುದೂ ಅದೇ 2483.5 ಮೆಗಾಹರ್ಟ್ಸ್‌ನಲ್ಲಿಯೇ. ಇಬ್ಬರು ನೆರೆಯವರ ನಡುವೆ ಒಂದೇ ಗೋಡೆ ಇದ್ದಂತೆ ಇದು.

ಉಪಗ್ರಹದ ಸಂಕೇತವು ನೆಲವನ್ನು ತಲುಪುವ ವೇಳೆಗೆ ತೀರ ಕ್ಷೀಣಿಸಿರುತ್ತದೆ. ಒಂದು ವ್ಯಾಟನ್ನು ಕೋಟಿ ಭಾಗಗಳಾಗಿಸಿ, ಅದರಲ್ಲಿ ಒಂದನ್ನು ಪುನಃ ಕೋಟಿ ಭಾಗಗಳಾಗಿಸಿ, ಅದರಲ್ಲಿ ಒಂದನ್ನು ನೂರು ಭಾಗ ಮಾಡಿದರೆ ಎಷ್ಟೋ, ಸುಮಾರು ಅಷ್ಟೇ ಶಕ್ತಿಯು ರಿಸೀವರಿಗೆ ದೊರೆಯುತ್ತದೆ. ಜಯನಗರದ ಯಾವುದೇ ಬೀದಿಯಲ್ಲಿ ಹತ್ತು ಮೀಟರ್ ದೂರದ ಮನೆಯ ವೈಫೈ ಪೆಟ್ಟಿಗೆಯು 0.1 ವ್ಯಾಟ್ ಹೊಮ್ಮಿಸುತ್ತಿದ್ದರೆ, ನಡುವೆ ಗೋಡೆಯ ತಡೆಯಿಲ್ಲದಿದ್ದಲ್ಲಿ, ಅದು ಅದೇ ರಿಸೀವರಿಗೆ ಉಪಗ್ರಹದ ಸಂಕೇತಕ್ಕಿಂತ ನೂರು ಕೋಟಿ ಪಟ್ಟಿಗೂ ಹೆಚ್ಚು ಬಲವಾಗಿ ತಲುಪುತ್ತದೆ. 2024ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಎರಡಂತಸ್ತಿನ ಮೇಲ್ಸೇತುವೆಯ ಕೆಳಗೆ ವಾಹನ ಸಾಗುವಾಗ ಆಕಾಶವೂ ಮರೆಯಾಗುವುದರಿಂದ ಸಂಕೇತವು ಇನ್ನಷ್ಟು ಕ್ಷೀಣವಾಗುತ್ತದೆ.

ಈ ನೆರೆಯವನ ಗದ್ದಲವನ್ನು ಒಂದೇ ಹಂತದಲ್ಲಿ ತಡೆಯಲಾಗುವುದಿಲ್ಲ. ಆಂಟೆನಾದ ಬಳಿ ಚಿಪ್ಪಿನ ಹೊರಗೆ ಒಂದು ಫಿಲ್ಟರ್ ಇರುತ್ತದೆ. ನಂತರ ಚಿಪ್ಪಿನೊಳಗೆ 2492 ಮೆಗಾಹರ್ಟ್ಸ್ ಸಂಕೇತವನ್ನು ಶೂನ್ಯದ ಸಮೀಪಕ್ಕೆ ಇಳಿಸಲಾಗುತ್ತದೆ. ನಾಗರಿಕ ಬಳಕೆಯ ನಾವಿಕ್ ಸಂಕೇತದ ಮುಖ್ಯ ಭಾಗವು ಇಕ್ಕೆಲಗಳಲ್ಲಿ ಸುಮಾರು 1 ಮೆಗಾಹರ್ಟ್ಸ್‌ನಷ್ಟೇ ಹರಡಿಕೊಂಡಿರುತ್ತದೆ. ವೈಫೈನ 13ನೆಯ ಚಾನೆಲ್‌ನ ಅಂಚು ಅಲ್ಲಿಂದ 10 ಮೆಗಾಹರ್ಟ್ಸ್ ಆಚೆಗಿರುತ್ತದೆ. ಆದುದರಿಂದ 2 ಮೆಗಾಹರ್ಟ್ಸ್‌ವರೆಗೆ ಬಿಟ್ಟು ಅದಕ್ಕಿಂತ ಮೇಲಿನದನ್ನು ತಡೆಯುವ ಐದನೆಯ ದರ್ಜೆಯ ಸಾಮಾನ್ಯ ಫಿಲ್ಟರೊಂದು 10 ಮೆಗಾಹರ್ಟ್ಸ್‌ನಲ್ಲಿ ಸುಮಾರು 70 ಡೆಸಿಬೆಲ್ ತಡೆ ಒದಗಿಸುತ್ತದೆ. ಅಂದರೆ ವೈಫೈ ಶಕ್ತಿಯ ಕೋಟಿಯಲ್ಲಿ ಒಂದು ಪಾಲು ಮಾತ್ರ ಒಳನುಸುಳುತ್ತದೆ.

ಕಾಗದದ ಮೇಲೆ ಇದು ಸುಲಭ. ಆದರೆ ಸಿಲಿಕಾನ್ ಮೇಲೆ ತಯಾರಾಗುವ ರೆಸಿಸ್ಟರ್ ಹಾಗೂ ಕೆಪಾಸಿಟರ್‌ಗಳ ಬೆಲೆಗಳು ಒಂದು ತಂಡದ ಚಿಪ್‌ಗಳಿಂದ ಮತ್ತೊಂದು ತಂಡಕ್ಕೆ ಶೇ. 20ರಷ್ಟು ಏರುಪೇರಾಗುವುದು ಸಾಮಾನ್ಯ. 2 ಮೆಗಾಹರ್ಟ್ಸ್ ಇರಬೇಕಾದ ಮಿತಿಯು 2.4ಕ್ಕೆ ಜಾರಿದರೆ 70 ಡೆಸಿಬೆಲ್ ತಡೆಯು 62ಕ್ಕೆ ಇಳಿದು, ಆರು ಪಟ್ಟು ಹೆಚ್ಚು ಗದ್ದಲ ಒಳಬರುತ್ತದೆ. ಇದನ್ನು ಸರಿಪಡಿಸಲು ಚಿಪ್ಪು ತನ್ನನ್ನು ತಾನೇ ಅಳೆದುಕೊಂಡು ಹೊಂದಿಸಿಕೊಳ್ಳುವ ಹೆಚ್ಚುವರಿ ಮಂಡಲವನ್ನು ಅಳವಡಿಸಬೇಕಾಗುತ್ತದೆ. ಅದಕ್ಕೂ ಜಾಗ ಬೇಕು, ವಿದ್ಯುತ್ತೂ ಬೇಕು.

ವಿದ್ಯುತ್ತಿನ ಲೆಕ್ಕ

ಟ್ರಾನ್ಸಿಸ್ಟರ್‌ಗಳು ವರ್ಷದಿಂದ ವರ್ಷಕ್ಕೆ ಚಿಕ್ಕವಾಗುತ್ತಿದ್ದು, ಅದರೊಂದಿಗೆ ಅಂಕೀಯ ಮಂಡಲಗಳು ಬಳಸುವ ವಿದ್ಯುತ್ತೂ ಕಡಿಮೆಯಾಗುತ್ತಾ ಬಂದಿದೆ. ಅನಲಾಗ್ ಫಿಲ್ಟರಿಗೆ ಈ ಲಾಭ ಅಷ್ಟಾಗಿ ದೊರೆತಿಲ್ಲ. ಇದಕ್ಕೆ ಕಾರಣ ವಿನ್ಯಾಸಕಾರರ ಕೊರತೆಯಲ್ಲ, ಉಷ್ಣ.

ಯಾವುದೇ ವಸ್ತುವಿನಲ್ಲಿ ಉಷ್ಣತೆಯಿಂದಾಗಿ ಎಲೆಕ್ಟ್ರಾನ್‌ಗಳು ಸದಾ ತುಯ್ದಾಡುತ್ತಿರುತ್ತವೆ. ಕೋಣೆಯ ಉಷ್ಣತೆಯಲ್ಲಿ 1 ಪಿಕೋಫ್ಯಾರಡ್ ಕೆಪಾಸಿಟರಿನ ಮೇಲೆ ಈ ತುಯ್ದಾಟವು ಸುಮಾರು 64 ಮೈಕ್ರೋವೋಲ್ಟ್ ಗದ್ದಲವಾಗಿ ಕಾಣಿಸಿಕೊಳ್ಳುತ್ತದೆ. ಈ ಗದ್ದಲವನ್ನು ಅರ್ಧಕ್ಕೆ ಇಳಿಸಬೇಕಾದಲ್ಲಿ ಕೆಪಾಸಿಟರನ್ನು ನಾಲ್ಕು ಪಟ್ಟು ದೊಡ್ಡದಾಗಿಸಬೇಕು. ನಾಲ್ಕು ಪಟ್ಟು ದೊಡ್ಡ ಕೆಪಾಸಿಟರನ್ನು ಅದೇ ವೇಗದಲ್ಲಿ ತುಂಬಿಸಿ ಬರಿದುಮಾಡಲು ನಾಲ್ಕು ಪಟ್ಟು ವಿದ್ಯುತ್ತು ಬೇಕಾಗುತ್ತದೆ. ಬಲವಾದ ನೆರೆಯವನನ್ನು ಸಹಿಸಿಕೊಂಡೇ ಕ್ಷೀಣ ಸಂಕೇತವನ್ನು ಗುರುತಿಸುವ ಸಾಮರ್ಥ್ಯವು 10 ಡೆಸಿಬೆಲ್ ಹೆಚ್ಚಿದಂತೆಲ್ಲ ಫಿಲ್ಟರ್ ಬಳಸುವ ವಿದ್ಯುತ್ತು ಹತ್ತು ಪಟ್ಟು ಏರುತ್ತದೆ. ಟ್ರಾನ್ಸಿಸ್ಟರ್ ಎಷ್ಟೇ ಚಿಕ್ಕದಾದರೂ ಈ ಸಂಬಂಧ ಬದಲಾಗುವುದಿಲ್ಲ. ವಾಸ್ತವವಾಗಿ ಚಿಕ್ಕ ಟ್ರಾನ್ಸಿಸ್ಟರ್‌ಗಳು ಕಡಿಮೆ ವೋಲ್ಟೇಜನ್ನಷ್ಟೇ ತಾಳಿಕೊಳ್ಳುವುದರಿಂದ ಸಂಕೇತಕ್ಕೆ ದೊರೆಯುವ ಅವಕಾಶವು ಕುಗ್ಗಿ ಅನಲಾಗ್ ವಿನ್ಯಾಸವು ಇನ್ನಷ್ಟು ಕಷ್ಟವಾಗುತ್ತದೆ.

ಗುಂಡಿಯಾಕಾರದ ಸಾಮಾನ್ಯ 3 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 225 ಮಿಲಿಆಂಪಿಯರ್-ಗಂಟೆ ವಿದ್ಯುತ್ತಿರುತ್ತದೆ. ಫಿಲ್ಟರೊಂದೇ ನಿರಂತರವಾಗಿ 1 ಮಿಲಿಆಂಪಿಯರ್ ಸೆಳೆದರೆ ಅದು ಒಂಬತ್ತು ದಿನಗಳಲ್ಲಿ ಬರಿದಾಗುತ್ತದೆ. 100 ಮೈಕ್ರೋಆಂಪಿಯರ್ ಸಾಕಾದರೆ ಮೂರು ತಿಂಗಳು ಬಾಳುತ್ತದೆ. ದನಕರುಗಳ ಕೊರಳಿನ ಗುರುತುಪಟ್ಟಿ, ನೀರಿನ ಮೀಟರು, ದೇಹದೊಳಗೆ ಅಳವಡಿಸುವ ವೈದ್ಯಕೀಯ ಸಾಧನ ಇವೆಲ್ಲವೂ ಮಾರುಕಟ್ಟೆಯಲ್ಲಿ ನಿಲ್ಲುವುದೂ ಬೀಳುವುದೂ ಇಂತಹ ಲೆಕ್ಕಗಳ ಮೇಲೆಯೇ.

ನಗರದ ಅನುಭವ

ಬೆಂಗಳೂರಿಗೆ ಈ ವಿದ್ಯೆ ಹೊಸತಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಇಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದಾಗ ಉಪಗ್ರಹ ಸಂಪರ್ಕದ ತಟ್ಟೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಸಂಗತಿಯನ್ನು ಹಿರಿಯ ಎಂಜಿನಿಯರುಗಳು ಇಂದಿಗೂ ನೆನೆಯುತ್ತಾರೆ. ಅನಲಾಗ್ ವಿನ್ಯಾಸವನ್ನು ಅಲ್ಲಿ ಕಲಿತವರು ಮುಂದೆ ತಮ್ಮದೇ ಸಂಸ್ಥೆಗಳನ್ನು ಕಟ್ಟಿದರು. 2005ರಲ್ಲಿ ಆರಂಭವಾದ ಕಾಸ್ಮಿಕ್ ಸರ್ಕ್ಯೂಟ್ಸ್ ಸಂಸ್ಥೆಯು ಪೂರ್ಣ ಚಿಪ್ಪಿನ ಬದಲು ಅದರೊಳಗಿನ ಅನಲಾಗ್ ಭಾಗಗಳ ವಿನ್ಯಾಸವನ್ನು ಇತರರಿಗೆ ಒದಗಿಸುವ ವ್ಯವಹಾರದಲ್ಲಿ ಹೆಸರು ಮಾಡಿತು. 2013ರಲ್ಲಿ ಅದನ್ನು ಅಮೆರಿಕದ ಕೇಡೆನ್ಸ್ ಸಂಸ್ಥೆಯು ಖರೀದಿಸಿತು. ರೇಡಿಯೋ ಚಿಪ್‌ಗಳಿಗೆ ಪೃಥ್ವಿ ಎಂದು ಹೆಸರಿಟ್ಟ ಸಾಂಖ್ಯ ಲ್ಯಾಬ್ಸ್ ಸಂಸ್ಥೆಯು 2022ರಲ್ಲಿ ತೇಜಸ್ ನೆಟ್‌ವರ್ಕ್ಸ್ ಪಾಲಾಯಿತು.

ಮಲೆನಾಡಿನ ಹೆಸರನ್ನು ಹೊತ್ತ ಚಿಪ್‌ಗಳೂ ಉಂಟು. ಬೆಂಗಳೂರಿನ ಸಿಗ್ನಲ್‌ಚಿಪ್ ಸಂಸ್ಥೆಯು 2019ರ ಫೆಬ್ರವರಿಯಲ್ಲಿ 4ಜಿ ಹಾಗೂ 5ಜಿ ಮೋಡೆಮ್ ಮತ್ತು ರೇಡಿಯೋ ಚಿಪ್‌ಗಳನ್ನು ಪ್ರಕಟಪಡಿಸಿತು. ಆ ಶ್ರೇಣಿಗೆ ಇಟ್ಟ ಹೆಸರು ಆಗುಂಬೆ. ನಾವಿಕ್ ಸಂಕೇತವನ್ನು ಬಳಸಿ ಸ್ಥಳ ಗುರುತಿಸುವ ಸೌಲಭ್ಯವೂ ಅವುಗಳಲ್ಲಿದೆ. ಇದಕ್ಕೆ ಎಂಟು ವರ್ಷಗಳಿಗೂ ಮೀರಿದ ಶ್ರಮ ಬೇಕಾಯಿತೆಂದು ಆಗ ತಿಳಿಸಲಾಗಿತ್ತು. ಒಂದು ರೇಡಿಯೋ ಚಿಪ್ ಸಿದ್ಧವಾಗಲು ತಗಲುವ ಕಾಲಕ್ಕೆ ಇದೊಂದು ಅಳತೆಗೋಲು. ನೆರವಿನ ಯೋಜನೆಗಳ ಗಡುವುಗಳನ್ನು ನಿರ್ಧರಿಸುವವರೂ ಇದನ್ನು ಗಮನದಲ್ಲಿರಿಸಿಕೊಳ್ಳುವುದು ಲೇಸು.

ಕೇಂದ್ರ ಸರ್ಕಾರದ ನೆರವು

2021ರ ಡಿಸೆಂಬರ್‌ನಲ್ಲಿ ಪ್ರಕಟವಾದ 76,000 ಕೋಟಿ ರೂಪಾಯಿಗಳ ಅರೆವಾಹಕ ಕಾರ್ಯಕ್ರಮದಲ್ಲಿ ವಿನ್ಯಾಸಕ್ಕೆಂದೇ ಪ್ರತ್ಯೇಕ ಪ್ರೋತ್ಸಾಹ ಯೋಜನೆಯೊಂದನ್ನು ರೂಪಿಸಲಾಗಿದೆ. ಅರ್ಹ ವೆಚ್ಚದ ಶೇ. 50ರವರೆಗೆ, ಒಂದು ಅರ್ಜಿಗೆ 15 ಕೋಟಿ ರೂಪಾಯಿಗಳ ಮಿತಿಗೊಳಪಟ್ಟು, ಮರುಪಾವತಿಗೆ ಅವಕಾಶ ಕಲ್ಪಿಸಲಾಗಿದೆ. ಚಿಪ್ ಮಾರುಕಟ್ಟೆಗೆ ಬಂದ ನಂತರ ಐದು ವರ್ಷಗಳ ಕಾಲ ನಿವ್ವಳ ಮಾರಾಟದ ಶೇ. 6ರಿಂದ ಶೇ. 4ರಷ್ಟು, 30 ಕೋಟಿ ರೂಪಾಯಿಗಳ ಮಿತಿಯಲ್ಲಿ, ಬೇರೆಯೇ ಪ್ರೋತ್ಸಾಹಧನವಿದೆ. ಯೋಜನೆಯ ನಿರ್ವಹಣೆಯನ್ನು ಸಿ-ಡ್ಯಾಕ್ ಸಂಸ್ಥೆಗೆ ವಹಿಸಲಾಗಿದೆ. ಫಲಾನುಭವಿ ಸಂಸ್ಥೆಯು ಪ್ರೋತ್ಸಾಹಧನ ಪಡೆದ ನಂತರ ಮೂರು ವರ್ಷ ದೇಶೀಯ ಸಂಸ್ಥೆಯಾಗಿಯೇ ಉಳಿಯಬೇಕೆಂಬ ಷರತ್ತೂ ಇದೆ. ಮೇಲೆ ಹೇಳಿದಂತೆ ಈ ನಗರದ ಸಂಸ್ಥೆಗಳು ದೊಡ್ಡ ಸಂಸ್ಥೆಗಳ ವಶವಾಗುವುದು ಅಪರೂಪವಲ್ಲವಾದ್ದರಿಂದ ಅರ್ಜಿದಾರರು ಈ ಷರತ್ತನ್ನು ಸಹಿ ಮಾಡುವ ಮುನ್ನವೇ ಓದಿಕೊಳ್ಳಬೇಕು.

2025ರ ಆಗಸ್ಟ್ ವೇಳೆಗೆ ಈ ಯೋಜನೆಯಡಿ 23 ವಿನ್ಯಾಸಗಳಿಗೆ ಮಂಜೂರಾತಿ ದೊರೆತಿತ್ತು. ದೇಶದ ಗಾತ್ರಕ್ಕೆ ಇದು ದೊಡ್ಡ ಸಂಖ್ಯೆಯೇನಲ್ಲ. ಮರುಪಾವತಿಯೆಂದರೆ ಮೊದಲು ಸ್ವಂತ ಹಣವನ್ನು ವೆಚ್ಚ ಮಾಡಬೇಕೆಂದೇ ಅರ್ಥ. ಅಂಕೀಯ ಮಂಡಲಗಳಲ್ಲಿ ಗಣಕಯಂತ್ರದ ಮೇಲಿನ ಪರೀಕ್ಷೆಯೇ ಬಹುಪಾಲು ಭರವಸೆ ನೀಡುತ್ತದೆ. ಅನಲಾಗ್ ಫಿಲ್ಟರಿನಲ್ಲಿ ಹಾಗಾಗುವುದಿಲ್ಲ. ಮೊದಲ ಸಲ ತಯಾರಾಗಿ ಬಂದ ಚಿಪ್ಪನ್ನು ಮೇಜಿನ ಮೇಲಿಟ್ಟು ಅಳೆದು, ತಪ್ಪು ಕಂಡುಹಿಡಿದು, ನಕ್ಷೆಯನ್ನು ತಿದ್ದಿ, ಎರಡನೆಯ ಸಲ ತಯಾರಿಕೆಗೆ ಕಳುಹಿಸಿ ಮತ್ತೆ ತಿಂಗಳುಗಟ್ಟಲೆ ಕಾಯುವುದು ಈ ವೃತ್ತಿಯ ವಾಡಿಕೆ. ನಾಲ್ಕೈದು ಜನರ ಸಂಸ್ಥೆಗೆ ಆ ಅವಧಿಯ ಸಂಬಳ, ಬಾಡಿಗೆಗಳೇ ದೊಡ್ಡ ಹೊರೆ. ಶೇ. 50ರ ಮರುಪಾವತಿಯು ಅಂತಹವರಿಗೆ ತಡವಾಗಿ ಬರುವ ನೆರವಾಗಿರುತ್ತದೆ.

ಇದಕ್ಕಿಂತ ಹೆಚ್ಚು ಉಪಯುಕ್ತವಾಗಿ ತೋರುವುದು ಯೋಜನೆಯ ಮತ್ತೊಂದು ಅಂಗ. ಚಿಪ್ ವಿನ್ಯಾಸಕ್ಕೆ ಬೇಕಾದ ತಂತ್ರಾಂಶಗಳ ಬೆಲೆ ಸಣ್ಣ ಸಂಸ್ಥೆಗಳ ಕೈಗೆಟುಕುವಂತಹುದಲ್ಲ. ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರದ ಮೂಲಕ ಅರ್ಹ ಸಂಸ್ಥೆಗಳಿಗೂ ವಿದ್ಯಾಸಂಸ್ಥೆಗಳಿಗೂ ಈ ತಂತ್ರಾಂಶಗಳನ್ನು ದೂರದಿಂದಲೇ ಬಳಸುವ ವ್ಯವಸ್ಥೆ ಮಾಡಲಾಗಿದೆ. ಜೆ.ಪಿ. ನಗರದ ಮನೆಯ ಮಹಡಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದು ಹಣಕ್ಕಿಂತ ಹೆಚ್ಚಿನ ಬೆಂಬಲ. 2022ರಲ್ಲಿ ಆರಂಭವಾದ, 85,000 ಎಂಜಿನಿಯರುಗಳಿಗೆ ತರಬೇತಿ ನೀಡುವ ಗುರಿಯ ‘ಚಿಪ್ಸ್ ಟು ಸ್ಟಾರ್ಟಪ್’ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳ ವಿನ್ಯಾಸಗಳನ್ನು ಮೊಹಾಲಿಯ ಅರೆವಾಹಕ ಪ್ರಯೋಗಾಲಯದಲ್ಲಿ 180 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ತಯಾರಿಸಿಕೊಡಲಾಗುತ್ತಿದೆ. 180 ನ್ಯಾನೋಮೀಟರ್ ಹಳೆಯದೆಂದು ಮೂಗು ಮುರಿಯುವವರಿದ್ದಾರೆ. ಆದರೆ ಕೆಲವೇ ಮೆಗಾಹರ್ಟ್ಸ್‌ನ ಅನಲಾಗ್ ಫಿಲ್ಟರಿಗೆ ಹೆಚ್ಚು ವೋಲ್ಟೇಜ್ ತಾಳುವ ಆ ಟ್ರಾನ್ಸಿಸ್ಟರ್‌ಗಳೇ ಅನುಕೂಲ.

ಯೋಜನೆಗಳ ಅರ್ಜಿ ಸ್ವೀಕಾರದ ಅವಧಿ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ದಿನದಂದು ಅದು ಜಾರಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಲೇಔಟ್ ವಿನ್ಯಾಸದ ನೋಂದಣಿ

ಫಿಲ್ಟರಿನ ಮಂಡಲಚಿತ್ರವು ಪಠ್ಯಪುಸ್ತಕಗಳಲ್ಲಿಯೂ ಸಂಶೋಧನಾ ಪ್ರಬಂಧಗಳಲ್ಲಿಯೂ ದೊರೆಯುತ್ತದೆ. ಅದೇ ಚಿತ್ರದಿಂದ ಒಬ್ಬರು ಕೆಲಸ ಮಾಡುವ ಚಿಪ್ ತಯಾರಿಸಿದರೆ ಮತ್ತೊಬ್ಬರದು ಮುಗ್ಗರಿಸುತ್ತದೆ. ವ್ಯತ್ಯಾಸವಿರುವುದು ಜೋಡಣೆಯಲ್ಲಿ. ಸಿಲಿಕಾನ್ ಬಿಲ್ಲೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಪದರಗಳ ದಪ್ಪ ಅಲ್ಪಸ್ವಲ್ಪ ಬದಲಾಗುತ್ತಿರುತ್ತದೆ. ಸಮನಾಗಿರಬೇಕಾದ ಎರಡು ಕೆಪಾಸಿಟರ್‌ಗಳನ್ನು ತುಂಡುತುಂಡಾಗಿಸಿ, ರಂಗೋಲಿಯಲ್ಲಿರುವಂತೆ ಒಂದೇ ಕೇಂದ್ರದ ಸುತ್ತ ಎದುರುಬದುರು ಇರಿಸಿದರೆ ಆ ವ್ಯತ್ಯಾಸವು ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಅಂಚಿನಲ್ಲಿ ಉಪಯೋಗಕ್ಕಲ್ಲದ ತುಂಡುಗಳನ್ನೂ ಇರಿಸಲಾಗುತ್ತದೆ, ಏಕೆಂದರೆ ಅಂಚಿನ ತುಂಡುಗಳು ಒಳಗಿನವುಗಳಂತೆ ತಯಾರಾಗುವುದಿಲ್ಲ. ಇಂತಹ ನೂರಾರು ನಿರ್ಧಾರಗಳ ಮೊತ್ತವೇ ಲೇಔಟ್. ಚಿಪ್ಪಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ಛಾಯಾಚಿತ್ರ ತೆಗೆದರೆ ಅದು ಪ್ರತಿಸ್ಪರ್ಧಿಯ ಕೈಸೇರುತ್ತದೆ.

ಅಮೆರಿಕವು 1984ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಕಾನೂನು ಮಾಡಿತು. ನಮ್ಮಲ್ಲಿ ಸೆಮಿಕಂಡಕ್ಟರ್ ಇಂಟಿಗ್ರೇಟೆಡ್ ಸರ್ಕ್ಯೂಟ್ಸ್ ಲೇಔಟ್-ಡಿಸೈನ್ ಅಧಿನಿಯಮ, 2000 ಇದೆ. ಎರಡು ದಶಕಗಳು ಕಳೆದರೂ ಇದರಡಿ ನೋಂದಣಿಗಳು ತೀರ ವಿರಳ. ಅರ್ಜಿದಾರರು ಮುಖ್ಯವಾಗಿ ತಿಳಿಯಬೇಕಾದುದು ಕಾಲಮಿತಿಯನ್ನು.

ವಾಣಿಜ್ಯ ಬಳಕೆಗೆ ಬಂದ ಲೇಔಟ್‌ಗೆ ನೋಂದಣಿ ಇಲ್ಲವೆಂಬುದು ಸದರಿ ಅಧಿನಿಯಮದ 7ನೆಯ ಪ್ರಕರಣದ ಸಾಮಾನ್ಯ ನಿಯಮ. ಆದರೆ ಅಂತಹ ಬಳಕೆ ಆರಂಭವಾಗಿ ಎರಡು ವರ್ಷ ಮೀರುವ ಮುನ್ನ ಅರ್ಜಿ ಸಲ್ಲಿಸಿದ್ದಲ್ಲಿ ಅಡ್ಡಿಯಿಲ್ಲ. ವಾಣಿಜ್ಯ ಬಳಕೆಯೆಂದರೆ ಮಾರಾಟವಷ್ಟೇ ಅಲ್ಲ. ಮಾರಾಟಕ್ಕೆ ಮುಂದಿಡುವುದು, ಮಾರಾಟಕ್ಕೆಂದು ಪ್ರದರ್ಶಿಸುವುದು ಸಹ ಅದರಲ್ಲಿ ಸೇರುತ್ತದೆ. ವಸ್ತುಪ್ರದರ್ಶನದ ಮಳಿಗೆಯಲ್ಲಿ ಬೆಲೆಪಟ್ಟಿಯೊಂದಿಗೆ ಚಿಪ್ಪನ್ನು ಇರಿಸಿದ ದಿನವೇ ಎಣಿಕೆ ಆರಂಭವಾಗಬಹುದು. ಒಂದೂ ಚಿಪ್ ಮಾರಾಟವಾಗಿಲ್ಲವೆಂದು ನಿಶ್ಚಿಂತರಾಗಿರುವವರು ಎಡವುವುದು ಇಲ್ಲಿಯೇ.

ರಕ್ಷಣೆಯ ಅವಧಿ ಹತ್ತು ವರ್ಷ. ಅದು ಅರ್ಜಿ ಸಲ್ಲಿಸಿದ ದಿನಾಂಕ ಅಥವಾ ಮೊದಲ ವಾಣಿಜ್ಯ ಬಳಕೆಯ ದಿನಾಂಕ, ಇವೆರಡರಲ್ಲಿ ಮೊದಲು ಬರುವುದರಿಂದ ಲೆಕ್ಕಕ್ಕೆ ಬರುತ್ತದೆ. ಉದಾಹರಣೆಗೆ, 2025ರ ನವೆಂಬರ್‌ನಲ್ಲಿ ಮಾರಾಟಕ್ಕೆ ಇರಿಸಿದ ಚಿಪ್ಪಿಗೆ 2027ರ ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದರೆ ಅದು ಕಾಲಮಿತಿಯೊಳಗೇ ಇರುತ್ತದೆ. ಆದರೆ ಹಕ್ಕು 2035ರ ನವೆಂಬರ್‌ಗೆ ಮುಗಿಯುವುದರಿಂದ ಸುಮಾರು ಎರಡು ವರ್ಷ ಕೈತಪ್ಪಿದಂತಾಗುತ್ತದೆ. ನೋಂದಣಿಯಾಗದ ಲೇಔಟ್‌ನ ನಕಲಿನ ವಿರುದ್ಧ ಈ ಅಧಿನಿಯಮದಡಿ ದಾವೆ ಹೂಡಲು ಅವಕಾಶವಿರುವುದಿಲ್ಲ.

ನೋಂದಣಿಗೆ ವಿನ್ಯಾಸವು ಸ್ವಂತದ್ದಾಗಿರಬೇಕು. ತಿಳಿದಿರುವ ಅಂಗಗಳ ಜೋಡಣೆಯೇ ಆಗಿದ್ದರೂ ಒಟ್ಟಾರೆ ರೂಪವು ಹೊಸತಾಗಿದ್ದಲ್ಲಿ ಸಾಕು. ಹೀಗಾಗಿ ಪುಸ್ತಕದ ಮಂಡಲವನ್ನು ಆಧರಿಸಿದ ಫಿಲ್ಟರಿನ ಲೇಔಟ್ ಸಹ ಅರ್ಹವಾಗಬಲ್ಲದು. ಈ ಹಕ್ಕಿಗೆ ಮಿತಿಗಳೂ ಇವೆ. ಬನಶಂಕರಿಯ ಪಿ.ಇ.ಎಸ್. ವಿಶ್ವವಿದ್ಯಾಲಯದಲ್ಲಾಗಲಿ ಬಸವನಗುಡಿಯ ಬಿ.ಎಂ.ಎಸ್. ಕಾಲೇಜಿನಲ್ಲಾಗಲಿ ಬೋಧನೆ ಅಥವಾ ಸಂಶೋಧನೆಗಾಗಿ ಚಿಪ್ಪನ್ನು ಬಿಡಿಸಿ ಅಭ್ಯಸಿಸಿದರೆ ಅದು ಉಲ್ಲಂಘನೆಯಾಗುವುದಿಲ್ಲ. ಅಂತಹ ಅಭ್ಯಾಸದ ಫಲವಾಗಿ ಒಬ್ಬರು ತಮ್ಮದೇ ಆದ ಬೇರೆ ಲೇಔಟ್ ರಚಿಸಿದರೂ ತಪ್ಪಿಲ್ಲ. ನೋಂದಣಿಯು ಕಾಯುವುದು ನಕ್ಷೆಯನ್ನು, ಅದರ ಹಿಂದಿನ ಉಪಾಯವನ್ನಲ್ಲ.

ಉಪಾಯವನ್ನೇ ಕಾಯ್ದುಕೊಳ್ಳಬಯಸುವವರು ಪೇಟೆಂಟ್‌ಗೆ ಅರ್ಜಿ ಸಲ್ಲಿಸಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ನಿಯಮ ಇನ್ನೂ ಬಿಗಿ. ಅರ್ಜಿಗೆ ಮುಂಚೆಯೇ ವಿಚಾರ ಸಂಕಿರಣದಲ್ಲಿ ವಿವರ ಪ್ರಕಟವಾದರೆ ಹಕ್ಕಿಗೆ ಧಕ್ಕೆ ಬರಬಹುದು, ವಿನಾಯಿತಿಗಳು ಸೀಮಿತ. ಇನ್ನು ಚಿಪ್ಪನ್ನು ಅಳವಡಿಸಿದ ರೇಡಿಯೋ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯಿಂದ ಪಡೆಯಬೇಕಾದ ಮಾದರಿ ಅನುಮೋದನೆಯೇ ಬೇರೆ. ಒಂದರ ಪ್ರಮಾಣಪತ್ರವು ಮತ್ತೊಂದಕ್ಕೆ ಬದಲಿಯಾಗುವುದಿಲ್ಲ.

ದಕ್ಷಿಣ ಬೆಂಗಳೂರಿನ ಅನೇಕ ವಿನ್ಯಾಸಕಾರರು ಬೇರೆ ಸಂಸ್ಥೆಗಳಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡುತ್ತಾರೆ. ಲೇಔಟ್ ಯಾರದೆಂಬುದು ಒಪ್ಪಂದ ಪತ್ರದಲ್ಲಿ ಸ್ಪಷ್ಟವಾಗಿ ನಮೂದಾಗಿರಬೇಕು. ನಕ್ಷೆಯ ಕಡತವನ್ನು ತಯಾರಿಕಾ ಘಟಕಕ್ಕೆ ಕಳುಹಿಸಿದ ದಿನಾಂಕ, ಮೊದಲ ಮಾದರಿಗಳು ಕೈಸೇರಿದ ದಿನಾಂಕ, ಮೊದಲ ದರಪಟ್ಟಿ ಅಥವಾ ಪ್ರದರ್ಶನದ ದಿನಾಂಕ ಇವುಗಳಿಗೆ ಸಂಬಂಧಿಸಿದ ದಾಖಲೆಗಳನ್ನು ಅರ್ಜಿದಾರರು ಆರಂಭದಿಂದಲೇ ಕಾಯ್ದಿರಿಸಿಕೊಳ್ಳತಕ್ಕದ್ದು. ಲೇಔಟ್ ನೋಂದಣಿ ಕಚೇರಿಯು ನವದೆಹಲಿಯಲ್ಲಿದ್ದು, ಅಂಗೀಕೃತ ಅರ್ಜಿಯನ್ನು ಹದಿನಾಲ್ಕು ದಿನಗಳೊಳಗೆ ಪ್ರಕಟಿಸಬೇಕೆಂದೂ, ಪ್ರಕಟಣೆಯ ದಿನದಿಂದ ಮೂರು ತಿಂಗಳವರೆಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದೆಂದೂ ಅಧಿನಿಯಮದಲ್ಲಿ ಹೇಳಲಾಗಿದೆ. ಆಕ್ಷೇಪಣೆ ಬಂದಲ್ಲಿ ಮೇಲ್ಕಂಡ ದಿನಾಂಕಗಳ ದಾಖಲೆಗಳನ್ನೇ ಮೊದಲು ಕೇಳಲಾಗುವುದು.